ಹಿತ್ತಾಳೆಯ ಕಟಕಟೆ

“ಗುರುಗಳೇ, ಒಂದು ಕೆಲಸ ಪೂರ್ತಿಯಾಯಿತೆಂದು ತಿಳಿಯುವುದು ಹೇಗೆ?” ಎಂದು ಶಿಷ್ಯೆ ಕೇಳಿದಳು.

ಯಾವ ಕೆಲಸ ಎಂದು ಗುರು ಕೇಳಿದರು.

ಶಿಷ್ಯೆ ತನ್ನ ವಿಷಯ ಹೇಳಿದಳು. ಅವಳಿಗೆ ಸಿಟ್ಟು ಹೆಚ್ಚು. ಸಿಟ್ಟು ಬಂದರೆ ಎದುರಿಗಿರುವುದು ಮಗುವೋ ದೊಡ್ಡವರೋ ಎಂಬುದೂ ಕಾಣುವುದಿಲ್ಲ. ಅದನ್ನು ಕಳೆದುಕೊಳ್ಳಬೇಕೆಂದು ಪುಟ್ಟ ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಆಶ್ರಮಕ್ಕೆ ಬಂದಿದ್ದಾಳೆ. ಮುಕ್ಕಾಲು ಸಿಟ್ಟು ಹೋಗಿದೆ. ಉಳಿದದ್ದೂ ಹೋದ ಮೇಲೆ, ಬೆಣ್ಣೆಯಂಥ ತಾಯಿಯಾಗಿ ಮಗಳ ಮುಂದೆ ನಿಲ್ಲಬೇಕೆಂದು ಅವಳ ಆಸೆ. ಅಮ್ಮ ಯಾವಾಗ ಬರುತ್ತಾಳೆ ಎಂದು ಮಗಳು ಮೊದಮೊದಲು ದಿನವೂ ಕೇಳುತ್ತಿದ್ದಳಂತೆ. ಈಗ ಕೇಳುವುದು ಕಡಿಮೆಯಾಗಿದೆಯಂತೆ. ಮಗು ಹೊಂದಿಕೊಂಡಿತು, ಇನ್ನು ನೆಮ್ಮದಿಯಿಂದ ಸಾಧನೆ ಮುಗಿಸಬಹುದು ಎಂದು ಅವಳು ಹೇಳಿದಳು.

ಗುರು ಈ ಕತೆ ಹೇಳಿದರು.

ನದಿ ಸಮುದ್ರವನ್ನು ಸೇರುವ ಕಡೆ ಒಂದು ಊರಿತ್ತು. ಅಲ್ಲಿ ಮರಗೆಲಸದ ಒಬ್ಬ ಕುಶಲಿ ಇದ್ದ. ಅವನ ಹಿರಿಯರು ದೇವರ ವಿಗ್ರಹ ಕೆತ್ತುವವರು. ಅವನು ಮಾತ್ರ ಹಡಗು ಮಾಡುತ್ತಿದ್ದ. ನೀರಿಗೆ ಇಳಿಯುವ ಹಡಗಲ್ಲ. ಮೇಜಿನ ಮೇಲೆ ನಿಲ್ಲುವ, ಒಂದು ಮೊಳ ಉದ್ದದ ಹಡಗು. ನಿಜವಾದ ಹಡಗಿನ ಅಳತೆ ಹಿಡಿದು, ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಿ, ಮರದಲ್ಲಿ ಮಾಡುವುದು ಅವನ ಕೆಲಸ. ಊರಿನವರು ಅದನ್ನು ಆಟಿಕೆ ಎನ್ನುತ್ತಿದ್ದರು. ಹಾಗೆಂದವರ ಮನೆಯ ಮದುವೆಗೂ ಅವನು ಹೋಗುತ್ತಿರಲಿಲ್ಲ.

ಅದೇ ಊರಿನಲ್ಲಿ ಒಬ್ಬ ಮುದಿ ನಾವಿಕನಿದ್ದ. ಅವನು ಆಯುಷ್ಯವೆಲ್ಲ ದುಡಿದದ್ದು ಒಂದೇ ಉಗಿಹಡಗಿನಲ್ಲಿ. ಅದರ ಹೆಸರು ಹೊನ್ನಲೆ. ಕರಾವಳಿಯ ಉದ್ದಕ್ಕೂ ಜನರನ್ನೂ ಅಕ್ಕಿಮೂಟೆಗಳನ್ನೂ ಹೊತ್ತು ತಿರುಗುತ್ತಿತ್ತು. ರಸ್ತೆಗಳಾದ ಮೇಲೆ ಹಡಗನ್ನು ಕೇಳುವವರಿಲ್ಲವಾಯಿತು. ಅದನ್ನು ಒಡೆದು ಕಬ್ಬಿಣದ ಲೆಕ್ಕದಲ್ಲಿ ಮಾರಿದರು. ನಾವಿಕನ ಹತ್ತಿರ ಉಳಿದದ್ದು ಒಂದು ಫೋಟೋ. ಅದರಲ್ಲೂ ಹಡಗಿಗಿಂತ ಹೊಗೆಯೇ ಹೆಚ್ಚು.

ಈಗ ನಾವಿಕನ ಕಣ್ಣು ಮಂಜಾಗುತ್ತಿತ್ತು. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಒಳಗಿನ ನರವೇ ಒಣಗುತ್ತಿದೆ, ಕಾಣುವಷ್ಟು ದಿನ ಏನು ನೋಡಬೇಕೋ ನೋಡಿಕೊಳ್ಳಿ ಎಂದು ವೈದ್ಯರು ಹೇಳಿ ಕಳುಹಿಸಿದರು. ಬೇರೆಯವರಾಗಿದ್ದರೆ ಕಾಶಿ ನೋಡಬೇಕೆನ್ನುತ್ತಿದ್ದರು. ಇವನು ತನ್ನ ಹಡಗನ್ನು ನೋಡಬೇಕೆಂದ. ಮೀನು ಮಾರುವ ಮಗಳೊಬ್ಬಳಿದ್ದಳು. ಅವಳ ಕೈ ಹಿಡಿದು ಕುಶಲಿಯ ಮನೆಗೆ ಬಂದ. ಕಣ್ಣು ಹೋಗುವುದರೊಳಗೆ ಹೊನ್ನಲೆಯನ್ನು ಮಾಡಿಕೊಡು ಎಂದು ಕೇಳಿದ. ಕುಶಲಿ ಒಪ್ಪಿದ.

ನಾವಿಕ ಜಗಲಿಯಲ್ಲಿ ಕೂತು ತನ್ನ ಹಡಗನ್ನು ಹೇಳತೊಡಗಿದ. ಮುಂದಿನ ತುದಿ ಎಷ್ಟು ಎತ್ತರ, ಹೊಗೆಕೊಳವೆ ಎಷ್ಟು ಹಿಂದಕ್ಕೆ ಬಾಗಿತ್ತು, ಯಾವ ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು, ಹೆಂಗಸರು ಎಲ್ಲಿ ಕೂರುತ್ತಿದ್ದರು, ಕುರಿಗಳನ್ನು ಎಲ್ಲಿ ಕಟ್ಟುತ್ತಿದ್ದರು, ಎಲ್ಲವನ್ನೂ ಹೇಳಿದ. ಕುಶಲಿ ಕಣ್ಣು ಮುಚ್ಚಿ ಕೇಳಿದ. ಹೇಳುತ್ತಾ ಹೇಳುತ್ತಾ ಮುದುಕ ಹುಡುಗನಾಗುತ್ತಿದ್ದ. ಕೇಳುತ್ತಾ ಕೇಳುತ್ತಾ ಕುಶಲಿ ಹಡಗು ಹತ್ತುತ್ತಿದ್ದ. ಹೇಳುವುದು ನಿಂತ ಮೇಲೂ ಇಬ್ಬರೂ ಜಗಲಿಗೆ ಬೇಗ ಮರಳುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹಡಗು ಎದ್ದು ನಿಂತಿತು. ಒಡಲು ಆಯಿತು, ಅಟ್ಟ ಆಯಿತು, ಪಟಕಂಬ ಆಯಿತು. ಕೆಂಪು ಹೊಗೆಕೊಳವೆಯ ಮೇಲೆ ಕಪ್ಪು ಪಟ್ಟಿಯೂ ಆಯಿತು. ಯಾರು ನೋಡಿದರೂ ಹೊನ್ನಲೆ ಎನ್ನುತ್ತಿದ್ದರು. ಆದರೆ ಯಾರೂ ನೋಡಲಿಲ್ಲ. ಕುಶಲಿಯ ಮನೆಯಲ್ಲಿ ಒಂದು ಪದ್ಧತಿಯಿತ್ತು. ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ಬಿಡಿಸುವ ತನಕ ಅದರ ಮೇಲಿನ ಬಟ್ಟೆ ಸರಿಸಬಾರದು, ಹೊರಗಿನವರ ದೃಷ್ಟಿ ಬೀಳಬಾರದು. ತಾತ ಹಾಗೆ ಮಾಡಿದ್ದ, ತಂದೆ ಹಾಗೆ ಮಾಡಿದ್ದ. ದೇವರಿಗೆ ಇದ್ದ ನೇಮವನ್ನು ಇವನು ಹಡಗಿಗೂ ಹಚ್ಚಿದ. ಹಡಗಿಗೆ ಕಣ್ಣು ಯಾವುದು ಎಂದು ಯೋಚಿಸಿದ. ಜನ ಬೀಳದ ಹಾಗೆ ಅಂಚಿನ ಸುತ್ತ ನಿಲ್ಲುವ ಕಟಕಟೆಯೇ ಅದರ ಕಣ್ಣು ಎಂದು ಅವನಿಗೆ ತೋರಿತು. ಕಟಕಟೆ ಇಲ್ಲದ ಹಡಗು ದನಕ್ಕೆ ನೀರಿಡುವ ಮರಿಗೆಯ ಹಾಗೆ ಕಾಣುತ್ತದೆ. ಅದು ನಿಲ್ಲುವ ತನಕ ತೋರಿಸುವುದಿಲ್ಲ ಎಂದು ಹಡಗಿನ ಮೇಲೆ ಬಿಳಿ ಪಂಚೆ ಹೊದಿಸಿದ.

ಕಟಕಟೆಯನ್ನು ಮರದಲ್ಲಿ ಮಾಡಲಾಗುವುದಿಲ್ಲ. ಆ ಪ್ರಮಾಣಕ್ಕೆ ಮರದ ಕಡ್ಡಿ ಎಷ್ಟು ಸವೆಸಿದರೂ ತೊಲೆಯ ಹಾಗೆ ಕಾಣುತ್ತದೆ. ಅದಕ್ಕೆ ಹಿತ್ತಾಳೆಯೇ ಬೇಕು. ಅದನ್ನು ಮಾಡುವವರು ದೂರದ ಪಟ್ಟಣದಲ್ಲಿದ್ದರು. ಅವರು ಕಟಕಟೆ, ಏಣಿ, ದೀಪದ ಕೊಕ್ಕೆ, ಬಾಗಿಲಿನ ಹಿಡಿ ಎಲ್ಲವನ್ನೂ ದೊಡ್ಡದಾಗಿ ಬರೆದು, ಫೋಟೋ ತೆಗೆದು ಚಿಕ್ಕದು ಮಾಡುತ್ತಾರೆ. ಕಾಗದದಷ್ಟು ತೆಳ್ಳಗಿನ ಹಿತ್ತಾಳೆ ತಗಡಿನ ಮೇಲೆ ಆ ಚಿತ್ರವನ್ನು ಬೆಳಕಿನಿಂದ ಮೂಡಿಸುತ್ತಾರೆ. ಆಮೇಲೆ ತಗಡನ್ನು ಆಮ್ಲದಲ್ಲಿ ಅದ್ದುತ್ತಾರೆ. ಬೇಡದ್ದನ್ನು ಆಮ್ಲ ತಿನ್ನುತ್ತದೆ. ಬೇಕಾದದ್ದು ಉಳಿಯುತ್ತದೆ.

ಆ ತಗಡು ಅಂಚೆಯಲ್ಲಿ ಬಂತು. ಕುಶಲಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ನೀರಿನಲ್ಲಿ ಕೊಳೆತ ಅರಳಿ ಎಲೆಯಲ್ಲಿ ನರಗಳಷ್ಟೇ ಉಳಿಯುತ್ತವಲ್ಲ, ಹಾಗಿತ್ತು. ಅದರ ನೆರಳು ಅವನ ಎದೆಯ ಮೇಲೆ ಬಿತ್ತು. ಎದೆಯ ಮೇಲೆ ಏಣಿಗಳಿದ್ದವು, ಕಟಕಟೆಗಳಿದ್ದವು. ಅವನು ಬಹಳ ಹೊತ್ತು ಹಾಗೇ ನಿಂತಿದ್ದ.

ಆ ಮಧ್ಯಾಹ್ನ ಮೇಜಿಗೆ ತಲೆಯಿಟ್ಟು ಮಲಗಿದಾಗ ಅವನಿಗೆ ಒಂದು ಕನಸು ಬಿತ್ತು. ಅವನು ಭತ್ತದ ಕಾಳಿನಷ್ಟಾಗಿ ಹೊನ್ನಲೆಯ ಮೇಲೆ ನಿಂತಿದ್ದ. ಮೇಜು ನೀರಾಗಿತ್ತು. ಹೊದಿಸಿದ ಪಂಚೆ ಮೇಲೆ ಬಿಳಿಯ ಆಕಾಶವಾಗಿತ್ತು. ಕೆಳಗೆಲ್ಲೋ ಯಂತ್ರದ ಸದ್ದು, ಯಾರೋ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ವಾಸನೆ. ಹಡಗು ಎಲ್ಲಿಗೂ ಹೋಗುತ್ತಿರಲಿಲ್ಲ, ನಿಂತೂ ಇರಲಿಲ್ಲ. ಅವನು ಅಂಚಿಗೆ ನಡೆದು ಕಟಕಟೆಯ ಮೇಲೆ ಕೈಯಿಡಲು ಹೋದ. ಕಟಕಟೆ ಇರಲಿಲ್ಲ. ಎಚ್ಚರವಾಯಿತು. ಎದ್ದವನೇ ಕೆಲಸಕ್ಕೆ ಕೂತ.

ಹಿತ್ತಾಳೆಯ ಕೆಲಸಕ್ಕೆ ಅದರದೇ ನೇಮಗಳಿವೆ. ಮಡಿಸಬೇಕಾದ ಕಡೆ ಆಮ್ಲ ಅರ್ಧ ಮಾತ್ರ ತಿಂದ ಒಂದು ಗೆರೆಯಿರುತ್ತದೆ. ಆ ಗೆರೆ ಮಡಿಕೆಯ ಒಳಮಗ್ಗುಲಿಗೆ ಬರಬೇಕು. ಕುಶಲಿ ಮೊದಲ ಸಲ ಅದನ್ನು ಹೊರಗಿಟ್ಟು ಮಡಿಸಿದ. ತಪ್ಪಾಯಿತೆಂದು ಬಿಡಿಸಿ, ತಿರುಗಿಸಿ ಮಡಿಸಿದ. ಒಮ್ಮೆ ಬಾಗಿದ ಹಿತ್ತಾಳೆ ಮತ್ತೊಂದು ಕಡೆಗೆ ಬಾಗುವುದಿಲ್ಲ. ಕಟಕಟೆ ಗೆರೆಯುದ್ದಕ್ಕೂ ತುಂಡಾಯಿತು. ಇನ್ನೊಂದು ತಗಡಿಗಾಗಿ ಪಟ್ಟಣಕ್ಕೆ ಪತ್ರ ಬರೆದು ಕಾದ. ಅದು ಬಂದ ಮೇಲೆ ಬಣ್ಣ ಹಚ್ಚಿದ. ಬೆರಳಿನ ಜಿಡ್ಡಿಗೆ ಬಣ್ಣ ಹಪ್ಪಳದ ಹಾಗೆ ಎದ್ದಿತು. ಹುಣಸೆ ಹುಳಿಯಲ್ಲಿ ತೊಳೆದು ಮತ್ತೆ ಹಚ್ಚಿದ. ಬಾಗಿಲಿನ ಹಿಡಿಯೊಂದು ಚಿಮಟದಿಂದ ಸಿಡಿದು ಎಲ್ಲೋ ಹೋಯಿತು. ಮನೆಯೆಲ್ಲ ಗುಡಿಸಿ, ಕಸವನ್ನು ಹಿಟ್ಟಿನ ಜರಡಿಯಲ್ಲಿ ಜಾಲಿಸಿದ. ಆ ಮನೆಯ ಕಸಕ್ಕೆ ಅಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

ನಾವಿಕ ಆಗಾಗ ಬರುತ್ತಿದ್ದ. ಮೊದಲು ಮಗಳು ಅವನ ಪಕ್ಕದಲ್ಲಿ ನಡೆಯುತ್ತಿದ್ದಳು. ಆಮೇಲೆ ಅವಳು ಮುಂದೆ, ಅವನು ಅವಳ ಭುಜ ಹಿಡಿದು ಹಿಂದೆ. ಜಗಲಿಯ ಮೆಟ್ಟಿಲನ್ನು ಕಾಲಿನಿಂದ ತಡವಿ ಹತ್ತುತ್ತಿದ್ದ. ಕುಶಲಿ ಅದನ್ನು ನೋಡುತ್ತಿದ್ದ. ಅಯ್ಯೋ, ಬೇಗ ಮುಗಿಸಬೇಕು ಎಂದುಕೊಳ್ಳುತ್ತಿದ್ದ. ಒಳಗೆ ಹೋಗಿ ಇನ್ನೊಂದು ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಸೂಜಿಯ ತುದಿಯಿಂದ ತಿರುಗಿಸುತ್ತಾ ಕೂರುತ್ತಿದ್ದ.

ಒಂದು ದಿನ ನಾವಿಕ ಹೇಳಿದ:

“ಮಗಾ, ಹೇಗಿದೆಯೋ ಹಾಗೇ ತೋರಿಸು. ಕಟಕಟೆ ಇಲ್ಲದಿದ್ದರೆ ನಾನೇನೂ ಸಮುದ್ರಕ್ಕೆ ಬೀಳುವುದಿಲ್ಲ.”

“ಸ್ವಲ್ಪ ತಾಳಿ ಅಜ್ಜ. ನಿಮ್ಮ ಹೊನ್ನಲೆಯನ್ನು ಅರೆಬರೆಯಾಗಿ ನಿಮಗೆ ತೋರಿಸಲೇ? ನನಗೆ ಕೈ ಬರುವುದಿಲ್ಲ.”

ಮೀನಿನ ಬುಟ್ಟಿ ಇಳಿಸಿ ನಿಂತಿದ್ದ ಮಗಳಿಗೆ ತಡೆಯಲಾಗಲಿಲ್ಲ.

“ಹಡಗಿಗೆ ಒಂದೊಂದೇ ಕೂದಲು ನೆಡುತ್ತಾ ಕೂತಿದ್ದೀಯಲ್ಲ ಅಣ್ಣಾ, ನಿನ್ನ ಅಂಟು ಒಣಗುವ ತನಕ ನಮ್ಮಪ್ಪನ ಕಣ್ಣು ಕಾಯುತ್ತದೆ ಎಂದು ಬರೆದುಕೊಟ್ಟವರು ಯಾರು?”

ನಾವಿಕ ಮಗಳನ್ನು ಗದರಿದ. ಪಾಪ, ಅವನು ಮಾಡುತ್ತಿರುವುದು ನನಗಾಗಿಯೇ ಅಲ್ಲವೇ ಎಂದ. ಆ ಮಾತು ಕೇಳಿ ಕುಶಲಿಗೆ ಕಣ್ಣು ತುಂಬಿ ಬಂತು. ಇಂಥ ಮನುಷ್ಯನಿಗೆ ಒಂದು ಕೊಕ್ಕೆಯೂ ಕಡಿಮೆಯಾಗಬಾರದು ಎಂದು ನಿಶ್ಚಯಿಸಿ ಒಳಗೆ ಹೋದ.

ಕಟಕಟೆ ನಿಂತಿತು. ಪಂಚೆ ತೆಗೆಯಬಹುದಿತ್ತು. ಆದರೆ ಮಧ್ಯಾಹ್ನದ ಕನಸು ಬಿಡಲಿಲ್ಲ. ಈಗ ಕನಸಿನಲ್ಲಿ ಅವನು ಕಟಕಟೆಯ ಉದ್ದಕ್ಕೂ ನಡೆಯುತ್ತಿದ್ದ. ನಡೆದಷ್ಟೂ ಹಡಗು ಉದ್ದವಾಗುತ್ತಿತ್ತು. ಏಣಿ ಇಳಿದರೆ ಕೆಳಗೆ ಒಂದು ಓಣಿ, ಓಣಿಯ ಕೊನೆಗೆ ಒಂದು ಬಾಗಿಲು. ಬಾಗಿಲಿನ ಆಚೆ ಯಾರೋ ಮೆಲ್ಲಗೆ ಹಾಡಿಕೊಳ್ಳುತ್ತಿದ್ದರು. ತೆರೆಯಲು ಹೋದರೆ ಬಾಗಿಲಿಗೆ ಹಿಡಿಯಿಲ್ಲ. ಎದ್ದು ಹಿಡಿ ಮಾಡಿದ. ಮಾರನೆಯ ಮಧ್ಯಾಹ್ನ ಆ ಬಾಗಿಲು ತೆರೆಯಿತು. ಒಳಗೆ ಇನ್ನೊಂದು ಓಣಿಯಿತ್ತು, ಅಲ್ಲಿ ದೀಪದ ಕೊಕ್ಕೆಯಿರಲಿಲ್ಲ. ಎದ್ದು ಕೊಕ್ಕೆ ಮಾಡಿದ. ಇದೊಂದು ಆಗಿಬಿಡಲಿ ಎಂದು ಅವನು ಪ್ರತಿ ಸಲವೂ ಅಂದುಕೊಂಡ. ಪ್ರತಿ ಸಲವೂ ಅದು ನಿಜವೇ ಆಗಿತ್ತು. ಇನ್ನು ಒಂದೇ ಉಳಿದಿತ್ತು. ಯಾವಾಗಲೂ ಒಂದೇ ಉಳಿದಿತ್ತು.

ಕನಸು ಒಂದು ಮಧ್ಯಾಹ್ನ ಬೀಳಲಿಲ್ಲ. ಬರಿಯ ನಿದ್ದೆ ಬಂತು. ಎದ್ದು ನೋಡಿದರೆ ಹಡಗಿನಲ್ಲಿ ಏನೂ ಕಡಿಮೆಯಿರಲಿಲ್ಲ. ಕುಶಲಿ ಸ್ನಾನ ಮಾಡಿ, ಮಡಿಯುಟ್ಟು, ಹಡಗಿನ ಮುಂದೆ ದೀಪ ಹಚ್ಚಿದ. ನಾವಿಕನಿಗೆ ಹೇಳಿ ಕಳುಹಿಸಿದ. ಮುದುಕ ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಮಗಳ ಭುಜ ಹಿಡಿದು ಬಂದ. ಮಗಳು ಆ ದಿನ ಒಂದು ಮಾತೂ ಆಡಲಿಲ್ಲ. ಕುಶಲಿ ಅದನ್ನು ಗಮನಿಸಲಿಲ್ಲ. ಬಾಗಿಲಿನಿಂದ ಬೆಳಕು ಚೆನ್ನಾಗಿ ಬರುತ್ತಿತ್ತು. ಅವನು ಪಂಚೆಯನ್ನು ಎರಡೂ ಕೈಯಿಂದ ಎತ್ತಿದ. ನೋಡಿ ಅಜ್ಜ ಎಂದ.

ಮುದುಕ ಕಿಟಕಿಯ ಕಡೆಗೆ ಮುಖ ಮಾಡಿ ನಕ್ಕ. ಬಹಳ ಚೆನ್ನಾಗಿದೆ ಎಂದ.

ಹಡಗು ಇದ್ದದ್ದು ಇನ್ನೊಂದು ಕಡೆ.

ಮಗಳು ತಂದೆಯ ಭುಜ ಹಿಡಿದು ಮೆಲ್ಲಗೆ ಹಡಗಿನ ಕಡೆಗೆ ತಿರುಗಿಸಿದಳು. ಆಗ ಮುದುಕ ನಗುವುದನ್ನು ಬಿಟ್ಟು ಎರಡೂ ಕೈ ಚಾಚಿದ. ಹಗ್ಗ ಎಳೆದೆಳೆದು ಬೆರಳುಗಳು ಬೇರಿನ ಹಾಗೆ ಆಗಿದ್ದವು. ಅವು ಕಟಕಟೆಯ ಹತ್ತಿರ ಬಂದವು. ಕುಶಲಿ ಏನನ್ನೂ ಯೋಚಿಸಲಿಲ್ಲ. ಅವನ ಕೈ ತಾನಾಗಿ ಹೋಗಿ ಮುದುಕನ ಮಣಿಕಟ್ಟುಗಳನ್ನು ಹಿಡಿದುಬಿಟ್ಟಿತು. ಹಿತ್ತಾಳೆ ಹಚ್ಚಿದ ಹಡಗನ್ನು ಮುಟ್ಟುವ ಹಾಗಿಲ್ಲ. ಅದು ಆ ಕೆಲಸದ ಕೊನೆಯ ನೇಮ. ಧೂಳು ಒರೆಸುವುದೂ ಕುಂಚದ ತುದಿಯಿಂದ.

ಮುದುಕನಿಗೆ ಅರ್ಥವಾಯಿತು. ಕೈ ಹಿಂದಕ್ಕೆ ತೆಗೆದುಕೊಂಡ. ಪರವಾಗಿಲ್ಲ, ಹಾಳಾಗುವುದು ಬೇಡ, ಅಷ್ಟು ಕಷ್ಟಪಟ್ಟು ಮಾಡಿದ್ದೀಯ ಎಂದು ಅವನೇ ಸಮಾಧಾನ ಹೇಳಿದ. ಮಗಳ ಭುಜ ಹಿಡಿದು ಮೆಟ್ಟಿಲು ಇಳಿದ.

ಕುಶಲಿ ಮೇಜಿಗೆ ತಲೆಯಿಟ್ಟ. ನಿದ್ದೆಯೋ ಎಚ್ಚರವೋ ತಿಳಿಯಲಿಲ್ಲ. ಅವನು ಹಡಗಿನ ಮೇಲೆ ನಿಂತಿದ್ದ. ಈ ಸಲ ಮೇಲೆ ಬಿಳಿಯ ಆಕಾಶವಿರಲಿಲ್ಲ. ಹಡಗಿನ ತುಂಬ ಜನ ಕೂತಿದ್ದರು. ಹೆಂಗಸರು ಹೆಂಗಸರ ಜಾಗದಲ್ಲಿ, ಕುರಿಗಳು ಕುರಿಗಳ ಜಾಗದಲ್ಲಿ. ಎಲ್ಲರೂ ದಡದ ಕಡೆಗೇ ನೋಡುತ್ತಿದ್ದರು. ದಡದಲ್ಲಿ ಒಬ್ಬ ಮನುಷ್ಯ ಕೈ ಬೀಸುತ್ತಿದ್ದ. ಅವನು ಬಹಳ ಹೊತ್ತಿನಿಂದ ಬೀಸುತ್ತಿದ್ದಿರಬೇಕು, ತೋಳು ದಣಿದಿತ್ತು. ಕುಶಲಿ ಅವನಿಗೆ ಕಾಣುವ ಹಾಗೆ ಅಂಚಿಗೆ ಓಡಿದ. ಹಡಗು ಒಮ್ಮೆ ಓಲಾಡಿತು. ಬೀಳದಿರಲು ಕಟಕಟೆಯನ್ನು ಹಿಡಿದ. ಅದು ಹುಲ್ಲಿನ ಹಾಗೆ ಅವನ ಕೈಯಲ್ಲಿ ಬಾಗಿತು. ಮುಂದೆ ನೀರಿತ್ತು.

ಅವನು ಎದ್ದ. ಹಡಗನ್ನು ಎದೆಗೆ ಅವಚಿಕೊಂಡು ಬೀದಿಗೆ ಓಡಿದ. ಅಂಗಿಯ ಗುಂಡಿಗೆ ಸಿಕ್ಕಿ ಕಟಕಟೆಯ ಒಂದು ಮಗ್ಗುಲು ಅಲ್ಲೇ ಕಿತ್ತುಬಂತು. ಆಟಿಕೆಯವನಿಗೆ ಏನಾಯಿತು ಎಂದು ಜನ ಬಾಗಿಲಿಗೆ ಬಂದು ನೋಡಿದರು. ನಾವಿಕನ ಮನೆಯ ಒಳಗೆ ಹೋಗಿ, ಚಾಪೆಯ ಮೇಲೆ ಕೂತಿದ್ದ ಮುದುಕನ ತೊಡೆಯ ಮೇಲೆ ಹಡಗನ್ನಿಟ್ಟ. ಮುಟ್ಟಿ ಅಜ್ಜ ಎಂದ.

ಮುದುಕ ಮೊದಲು ಹೆದರಿದ. ಆಮೇಲೆ ಮುಟ್ಟಿದ. ಅವನ ಬೆರಳಿನ ಕೆಳಗೆ ಉಳಿದ ಕಟಕಟೆಯೂ ಮುರಿಯಿತು. ಏಣಿಗಳು ಮುರಿದವು, ದೀಪದ ಕೊಕ್ಕೆಗಳು ಉದುರಿದವು. ಒಣಗಿದ ಬೆಳ್ಳುಳ್ಳಿ ಸಿಪ್ಪೆ ತುಳಿದಷ್ಟೂ ಸದ್ದಾಗಲಿಲ್ಲ. ಬೆರಳು ಮುಂದೆ ಹೋಯಿತು. ಒಡಲನ್ನು ಸವರಿತು, ಅಟ್ಟವನ್ನು ಸವರಿತು. ಮುದುಕ ಬಾಯೊಳಗೇ ಹೆಸರು ಹೇಳಿಕೊಳ್ಳುತ್ತಿದ್ದ. ಇದು ಚುಕ್ಕಾಣಿ. ಇದು ಅಡುಗೆಮನೆ. ಇದು ಪಟಕಂಬ. ಎಲ್ಲವೂ ಸರಿಯಾಗಿತ್ತು. ಮಳೆಗಾಲ ಮುಗಿದಾಗಲೇ ಸರಿಯಾಗಿತ್ತು. ಬೆರಳು ಹೊಗೆಕೊಳವೆಗೆ ಬಂದು ನಿಂತಿತು.

“ಇದಕ್ಕೆ ಏನು ಬಣ್ಣ ಹಚ್ಚಿದ್ದೀಯ ಮಗಾ?”

“ಕೆಂಪು, ಅಜ್ಜ. ನೀವು ಹೇಳಿದ ಹಾಗೇ.”

ಮುದುಕ ಹೊಗೆಕೊಳವೆಯನ್ನು ಹಿಡಿದುಕೊಂಡೇ ತಲೆಯನ್ನು ಒಂದು ಕಡೆಗೆ ವಾಲಿಸಿದ, ದೂರದಲ್ಲಿ ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುವವನ ಹಾಗೆ.

“ಕೆಂಪು,” ಎಂದ. “ಅದೇ ಈಗೀಗ ಸರಿಯಾಗಿ ನೆನಪಿಗೆ ಬರುವುದಿಲ್ಲ.”

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಇನ್ನೂ ಇದೆಯೆಂದು ಶಿಷ್ಯೆ ಕಾದಳು. ಇರಲಿಲ್ಲ. ಅವಳು ತಲೆ ತಗ್ಗಿಸಿ ಯೋಚಿಸಿದಳು. ಕುಶಲಿ ತಪ್ಪಿದ್ದು ಹಿತ್ತಾಳೆ ತರಿಸಿದ್ದರಲ್ಲೋ, ಬಟ್ಟೆ ಹೊದಿಸಿದ್ದರಲ್ಲೋ, ಕನಸನ್ನು ನಂಬಿದ್ದರಲ್ಲೋ ಎಂದು ಒಂದೊಂದನ್ನೂ ತೂಗಿ ನೋಡಿದಳು. ಯಾವುದೂ ಪೂರ್ತಿ ಸರಿಹೋಗಲಿಲ್ಲ. ಕೊನೆಗೆ ಕೈಮುಗಿದು ಹೇಳಿದಳು:

“ಗುರುಗಳೇ, ಇದರ ಅರ್ಥ ದೊಡ್ಡದಿದೆ. ಇನ್ನು ಸ್ವಲ್ಪ ದಿನ ಇಲ್ಲೇ ಇದ್ದು, ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡ ಮೇಲೆ ಊರಿಗೆ ಹೊರಡುತ್ತೇನೆ.”

“ನಿಧಾನವಾಗಿ ಅರ್ಥಮಾಡಿಕೋ ತಾಯಿ,” ಎಂದರು ಗುರು, “ನಿನ್ನ ಮುಖ ಹೇಗಿತ್ತೆಂದು ನಿನ್ನ ಮಗಳಿಗೆ ಇನ್ನೂ ಸ್ವಲ್ಪ ನೆನಪಿರಬಹುದು.”